ಸರ್ಟಿಫಿಕೇಟ್ ಆಮೇಲೆ, ಮೊದಲು ಕ್ಲಾಸ್ ಮಿಸ್ ಹತ್ತಿರ ಮಾತಾಡಿ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಮಗನಿಗೆ ಏಳೂವರೆ ವರ್ಷ. ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಎರಡನೇ ಕ್ಲಾಸ್, ಸ್ಟೇಟ್ ಸಿಲಬಸ್. ಮಾತಿನಲ್ಲಿ ಬಲು ಚುರುಕು. ಬಾಯಲ್ಲಿ ಕೇಳಿದರೆ ಲೆಕ್ಕ ಹೇಳುತ್ತಾನೆ, ಕಥೆ ಹೇಳುತ್ತಾನೆ. ಬರೆಯೋಕೆ ಕೂರಿಸಿದರೆ ಮಾತ್ರ ಐದು ನಿಮಿಷಕ್ಕೆ ಎದ್ದು ಹೋಗುತ್ತಾನೆ. ಬೋರ್ಡ್ ಮೇಲಿನದನ್ನು ಪೂರ್ತಿ ಬರೆದುಕೊಂಡು ಬಂದ ದಿನವೇ ಇಲ್ಲ. ಡೈರಿ ತುಂಬಾ ಕಂಪ್ಲೇಂಟ್. ಕಳೆದ ವಾರ ಹೆಡ್ ಮೇಡಂ ಕರೆಸಿ, 'ಡಾಕ್ಟರ್ ರಿಪೋರ್ಟ್ ತನ್ನಿ, ಆಮೇಲೆ ನೋಡೋಣ. ಇಲ್ಲಾಂದ್ರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಿಸಿ, ಅಥವಾ ಟಿಸಿ ತಗೊಂಡು ಸ್ಪೆಷಲ್ ಸ್ಕೂಲ್ ನೋಡಿ' ಅಂದರು. ಯಜಮಾನರು 'ಕಾರ್ಟೂನ್ ಹಾಕಿದ್ರೆ ಒಂದು ಗಂಟೆ ಅಲ್ಲಾಡಲ್ಲ, ಓದೋಕೆ ಮಾತ್ರ ನಾಟಕ' ಅನ್ನುತ್ತಾರೆ. ಅತ್ತೆ 'ಅವರಪ್ಪನೂ ಹೀಗೇ ಇದ್ದ, ಬಿಡು' ಅನ್ನುತ್ತಾರೆ. ನಾದಿನಿ ಸರ್ಕಾರಿ ಶಾಲೆಗೆ ಸೇರಿಸು ಅನ್ನುತ್ತಾಳೆ. ಮೊನ್ನೆ ಮಗನೇ 'ನಾನು ದಡ್ಡನಾ ಅಮ್ಮ?' ಅಂತ ಕೇಳಿದ. ಸರ್ಟಿಫಿಕೇಟ್ ಎಲ್ಲಿ ಮಾಡಿಸಬೇಕು? ಮಾತ್ರೆ ಕೊಡಬೇಕಾ? ಶಾಲೆಯವರ ಹತ್ತಿರ ಏನು ಕೇಳಬಹುದು? ಟ್ಯೂಷನ್ ಜಾಸ್ತಿ ಮಾಡಿಸಲಾ? ನೋಟ್‌ಬುಕ್‌ನ ಎರಡು ಪುಟದ ಫೋಟೊ ಕಳಿಸಿದ್ದೇನೆ. ಹೆಸರು ಹಾಕಬೇಡಿ.

ಉತ್ತರ: ಒಳ್ಳೆ ಕೆಲಸ ಮಾಡಿದಿರಿ, ಪುಟಗಳ ಫೋಟೊ ಕಳಿಸಿದ್ದು. ಡೈರಿಯಲ್ಲಿ ಬರೆದ ಕಂಪ್ಲೇಂಟ್‌ಗಳಿಗಿಂತ ಅವು ಜಾಸ್ತಿ ಹೇಳುತ್ತವೆ.

ಕನ್ನಡದ ಪುಟ ನೋಡಿ. ಮೊದಲ ಎರಡು ಸಾಲು ಗುಂಡಗೆ, ಗೆರೆ ಮೇಲೆ ಸರಿಯಾಗಿ ಕೂತಿವೆ. ಮೂರನೇ ಸಾಲಿನಿಂದ ಅಕ್ಷರ ದೊಡ್ಡದಾಗುತ್ತಾ ಗೆರೆ ಬಿಟ್ಟು ಇಳಿಯುತ್ತದೆ. ಐದನೇ ಸಾಲು ಅರ್ಧಕ್ಕೆ ನಿಂತಿದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ 'ಇನ್‌ಕಂಪ್ಲೀಟ್' ಅಂತ ಇದೆ. 'ನದಿ', 'ಮರ', 'ಗಾಡಿ' ಸರಿ ಬರೆದಿದ್ದಾನೆ. 'ಅಕ್ಕ' ಬರೆಯುವಲ್ಲಿ 'ಅಕ', 'ಕತ್ತೆ' ಬರೆಯುವಲ್ಲಿ 'ಕತೆ', 'ಹೂವು' ಬರೆಯುವಲ್ಲಿ 'ಹುವು' ಆಗಿದೆ. ಲೆಕ್ಕದ ಪುಟದಲ್ಲಿ ಮೇಲಿನ ಐದೂ ಸರಿ. ಕೆಳಗಿನ ಮೂರರಲ್ಲಿ ಕಳೆಯುವ ಚಿಹ್ನೆ ಇದೆ, ಅವನು ಕೂಡಿಸಿದ್ದಾನೆ. ಕೂಡಿಸಿದ್ದು ತಪ್ಪಿಲ್ಲ, ಚಿಹ್ನೆ ಕಣ್ಣಿಗೆ ಬಿದ್ದಿಲ್ಲ ಅಷ್ಟೆ.

ಇದು ಬರಲ್ಲ ಅನ್ನುವ ಮಗುವಿನ ಪುಟ ಅಲ್ಲ. ಚೆನ್ನಾಗಿ ಶುರು ಮಾಡಿ ದಾರಿಯಲ್ಲಿ ಸುಸ್ತಾದ ಮಗುವಿನ ಪುಟ. ಗಮನ ಸ್ವಲ್ಪ ಹೊತ್ತಿಗೆ ಜಾರಿ ಹೋಗುತ್ತಿದೆ. ಒತ್ತಕ್ಷರ ಮತ್ತು ದೀರ್ಘ ಇನ್ನೂ ಕೈಗೆ ಹತ್ತಿಲ್ಲ. ಈ ಎರಡೂ ಒಂದೇ ಮಗುವಿನಲ್ಲಿ ಸೇರಿ ಬರುವುದು ಅಪರೂಪವೇನಲ್ಲ. ಹಾಗಂತ ಫೋಟೊ ನೋಡಿ ಇದು ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಇದು ಡಿಸ್ಲೆಕ್ಸಿಯಾ (ಓದು ಬರಹದ ತೊಂದರೆ) ಅಂತ ನಾನು ಹೇಳಲ್ಲ. ಫೋನಲ್ಲಿ ಹಾಗೆ ಹೇಳುವವರನ್ನು ನೀವೂ ನಂಬಬೇಡಿ.

ಒತ್ತಕ್ಷರದ ವಿಷಯದಲ್ಲಿ ಒಂದು ಸಮಾಧಾನ. ವರ್ಣಮಾಲೆಯಲ್ಲಿ 49 ಅಕ್ಷರ ಅನ್ನುತ್ತೇವೆ. ಗುಣಿತ, ಒತ್ತು ಎಲ್ಲ ಸೇರಿದರೆ ಮಗು ಗುರುತು ಹಿಡಿಯಬೇಕಾದ ಆಕಾರಗಳು ನೂರಾರು. ಎಲ್ಲ ಸರಾಗ ಆಗುವ ಹೊತ್ತಿಗೆ ಎಷ್ಟೋ ಮಕ್ಕಳು ಮೂರನೇ, ನಾಲ್ಕನೇ ಕ್ಲಾಸ್ ದಾಟಿರುತ್ತಾರೆ. ಹಾಗಾಗಿ ಎರಡನೇ ಕ್ಲಾಸಲ್ಲಿ 'ಅಕ್ಕ' 'ಅಕ' ಆದರೆ ಅದೊಂದಕ್ಕೇ ಹೆದರಬೇಕಿಲ್ಲ. ನಾನು ಗಮನಿಸುವುದು ಬೇರೆ. ಒತ್ತಿಲ್ಲದ ಸುಲಭದ ಪದವನ್ನೂ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನಾ? ಮೇಲಿನ ಸಾಲಲ್ಲಿ ಓದಿದ ಪದವೇ ಕೆಳಗಿನ ಸಾಲಲ್ಲಿ ಸಿಕ್ಕಾಗ ಹೊಸದು ಅನ್ನುವ ಹಾಗೆ ನಿಲ್ಲುತ್ತಾನಾ? 'ನವಿಲು ಅನ್ನೋದ್ರಲ್ಲಿ ಮೊದಲ ಅಕ್ಷರ ಬಿಟ್ಟು ಹೇಳು' ಅಂದರೆ ಬಾಯಲ್ಲಿ 'ವಿಲು' ಅನ್ನೋಕೆ ಆಗುತ್ತಾ? ಈ ತೊಡಕು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆಯಾ? ಬರೀ ಇಂಗ್ಲಿಷಲ್ಲಿ ಇದ್ದರೆ, ಮನೆಯಲ್ಲಿ ಕೇಳದ ಭಾಷೆಯಲ್ಲಿ ಓದಲು ಹೊರಟ ಎಲ್ಲ ಮಕ್ಕಳ ಪಾಡೂ ಇರಬಹುದು. ಒಂದು ವಾರ ಇದನ್ನೆಲ್ಲ ಆಟದ ಹಾಗೆ ನೋಡಿ ಬರೆದಿಡಿ. ಪರೀಕ್ಷೆ ಮಾಡುತ್ತಿದ್ದೀರಿ ಅಂತ ಅವನಿಗೆ ಗೊತ್ತಾಗುವುದು ಬೇಡ.

ಯಜಮಾನರ ಕಾರ್ಟೂನ್ ಪ್ರಶ್ನೆಯನ್ನು ಬಹುತೇಕ ಅಪ್ಪಂದಿರು ಕೇಳುತ್ತಾರೆ. ಕಾರ್ಟೂನ್‌ನಲ್ಲಿ ಕೆಲವೇ ಸೆಕೆಂಡಿಗೊಮ್ಮೆ ಚಿತ್ರ ಬದಲಾಗುತ್ತದೆ, ಸದ್ದು ಬದಲಾಗುತ್ತದೆ. ಅಲ್ಲಿ ಗಮನ ಕೊಡಬೇಕಾದ್ದು ಮಗು ಅಲ್ಲ, ಟಿವಿಯೇ ಗಮನ ಎಳೆದುಕೊಳ್ಳುತ್ತದೆ. ಬೇಜಾರಾದ ಕೆಲಸದ ಮೇಲೂ ಮನಸ್ಸನ್ನು ಹಿಡಿದಿಡುವುದು ಇನ್ನೊಂದೇ ಶಕ್ತಿ. ಗಮನದ ತೊಂದರೆ ಇರುವ ಮಕ್ಕಳಿಗೆ ಕಷ್ಟವಾಗುವುದು ಈ ಎರಡನೆಯದು. ಆದ್ದರಿಂದ ಒಂದು ಗಂಟೆ ಕಾರ್ಟೂನ್ ನೋಡಿದ್ದು ನಾಟಕಕ್ಕೆ ಸಾಕ್ಷಿಯಲ್ಲ. ಅತ್ತೆಯವರ ಮಾತಿನಲ್ಲೂ ಹುರುಳಿದೆ. ಗಮನದ ತೊಂದರೆ, ಓದಿನ ತೊಂದರೆ ಎರಡೂ ಮನೆತನದಲ್ಲಿ ಬರುವಂಥವು. 'ಬಿಡು' ಅನ್ನುವುದು ಮಾತ್ರ ಸರಿಯಲ್ಲ. ಒಮ್ಮೆ ಯಜಮಾನರನ್ನೇ ಕೇಳಿ, ಎರಡನೇ ಕ್ಲಾಸಲ್ಲಿ ಅವರಿಗೆ ಹೇಗಿತ್ತು ಅಂತ. ಎಷ್ಟೋ ಅಪ್ಪಂದಿರು ಆ ಪ್ರಶ್ನೆ ಆದಮೇಲೆ ಮಗನ ಪರ ನಿಲ್ಲುತ್ತಾರೆ.

ಎಲ್ಲಕ್ಕಿಂತ ಮೊದಲು ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ನೀರು ನಿಂತ ಮಗುವಿಗೆ ಹಿಂದಿನ ಬೆಂಚಿನಲ್ಲಿ ಅರ್ಧ ಪಾಠ ಕೇಳಿಸುವುದಿಲ್ಲ. ಬೋರ್ಡ್ ಮಸುಕಾಗಿ ಕಂಡರೆ ಯಾವ ಮಗುವೂ ಪೂರ್ತಿ ಬರೆಯಲ್ಲ. ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ ಅಂತ ಹೇಳಿ, ನಿದ್ದೆ ಸರಿಯಿಲ್ಲದ ಮಗು ಹಗಲಲ್ಲಿ ತೂಕಡಿಸುವುದಕ್ಕಿಂತ ಜಾಸ್ತಿ ಕುಣಿಯುತ್ತದೆ. ರಕ್ತ ಕಡಿಮೆ ಇದೆಯಾ ನೋಡಿಸಿ. ಇನ್ನೊಂದು ಮುಖ್ಯ. ಮಾತಾಡುತ್ತಾ ಇದ್ದಕ್ಕಿದ್ದಂತೆ ಕೆಲವು ಸೆಕೆಂಡ್ ಶೂನ್ಯ ನೋಡುತ್ತಾ ನಿಂತು, ಹೆಸರು ಕೂಗಿದರೂ ಭುಜ ಮುಟ್ಟಿದರೂ ತಿರುಗದೆ, ಆಮೇಲೆ ಏನೂ ಆಗದವನ ಹಾಗೆ ಮುಂದುವರಿಯುತ್ತಾನಾ? ಅದು ಒಂದು ಬಗೆಯ ಫಿಟ್ಸ್ ಇರಬಹುದು, ಚಿಕಿತ್ಸೆ ಬೇರೆ. ಡಾಕ್ಟರಿಗೆ ತಪ್ಪದೆ ಹೇಳಿ.

ಈಗ ಶಾಲೆಯ ವಿಷಯ. 'ರಿಪೋರ್ಟ್ ತನ್ನಿ, ಆಮೇಲೆ ನೋಡೋಣ' ಅನ್ನುವ ಮಾತಿಗೆ ನನ್ನ ತಕರಾರು ಇದೆ. ರಿಪೋರ್ಟ್ ಕೈಗೆ ಬರೋಕೆ ತಿಂಗಳುಗಳು ಹಿಡಿಯಬಹುದು. ಅಷ್ಟು ದಿನವೂ ಆ ಹುಡುಗ ಬೆಳಿಗ್ಗೆ ಬ್ಯಾಗ್ ಹಾಕಿಕೊಂಡು ಅದೇ ಕ್ಲಾಸಿಗೆ ಹೋಗುತ್ತಾನೆ, ಅದೇ ಕೆಂಪು ಶಾಯಿ ನೋಡುತ್ತಾನೆ. ಅವನಿಗೆ ಬೇಕಾದ ಸಹಾಯದಲ್ಲಿ ಮುಕ್ಕಾಲು ಪಾಲಿಗೆ ಯಾವ ಕಾಗದವೂ ಬೇಡ. ದುಡ್ಡೂ ಬೇಡ. ಕ್ಲಾಸ್ ಮಿಸ್ ಒಪ್ಪಿದರೆ ನಾಳೆಯಿಂದಲೇ ಆಗುವಂಥದ್ದು.

ಅದಕ್ಕೇ ಹೆಡ್ ಮೇಡಂ ಹತ್ತಿರ ಅಲ್ಲ, ಮೊದಲು ಕ್ಲಾಸ್ ಮಿಸ್ ಹತ್ತಿರ ಹೋಗಿ. ಪೇರೆಂಟ್ಸ್ ಮೀಟಿಂಗ್ ದಿನ ಬೇಡ, ಗೇಟ್ ಹತ್ತಿರ ನಿಂತೂ ಬೇಡ. ಡೈರಿಯಲ್ಲಿ ಒಂದು ಸಾಲು ಬರೆದು ಸಮಯ ಕೇಳಿ, ಶಾಲೆ ಬಿಟ್ಟ ಮೇಲೆ 20 ನಿಮಿಷ ಸಾಕು. ಯಜಮಾನರನ್ನೂ ಕರೆದುಕೊಂಡು ಹೋಗಿ. ಅಪ್ಪನೂ ಬಂದರೆ ನಮ್ಮ ಶಾಲೆಗಳಲ್ಲಿ ಮಾತಿಗೆ ತೂಕ ಜಾಸ್ತಿ. ಹೀಗಿರಬಾರದಿತ್ತು, ಆದರೆ ಹೀಗಿದೆ. ಮಗನನ್ನು ಆ ಕೋಣೆಯಲ್ಲಿ ಕೂರಿಸಬೇಡಿ. ಮತ್ತೆ ಒಂದು ನೆನಪಿರಲಿ. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು ಅನ್ನುವುದು ಕಾನೂನಿನ ಲೆಕ್ಕ. ಆ ಮಿಸ್ ಮುಂದೆ ಅದಕ್ಕಿಂತ ಎಷ್ಟೋ ಜಾಸ್ತಿ ಮಕ್ಕಳು ಕೂತಿರಬಹುದು. ಅವರ ಬೇಜಾರಿಗೂ ಕಾರಣ ಇದೆ.

ಮಾತು ಶುರು ಮಾಡುವಾಗ ಕಂಪ್ಲೇಂಟ್‌ಗೆ ಉತ್ತರ ಕೊಡೋಕೆ ಹೋಗಬೇಡಿ. 'ಮಿಸ್, ಅವನು ಯಾವ ಪೀರಿಯಡ್‌ನಲ್ಲಿ ಚೆನ್ನಾಗಿರ್ತಾನೆ?' ಅಂತ ಕೇಳಿ. ಇದಕ್ಕೆ ಉತ್ತರ ಹುಡುಕುವಾಗ ಟೀಚರ್‌ಗೇ ಎಷ್ಟೋ ವಿಷಯ ಹೊಳೆಯುತ್ತದೆ. ಬೆಳಿಗ್ಗೆ ಚೆನ್ನಾಗಿರುತ್ತಾನೆ, ಊಟ ಆದಮೇಲೆ ಕಷ್ಟ. ಅಥವಾ ಬಾಯಿಲೆಕ್ಕದಲ್ಲಿ ಕೈ ಎತ್ತುತ್ತಾನೆ, ಕಾಪಿ ರೈಟಿಂಗ್‌ನಲ್ಲಿ ಹೊರಳಾಡುತ್ತಾನೆ. ಹೀಗೆ ಏನಾದರೂ ಸಿಗುತ್ತದೆ. ಆಮೇಲೆ ಮೂರೇ ಮೂರು ಕೋರಿಕೆ ಇಡಿ. ಇಂಟರ್‌ನೆಟ್‌ನಲ್ಲಿ ಸಿಗುವ ಇಪ್ಪತ್ತು ಅಂಶದ ಪಟ್ಟಿ ಒಯ್ದರೆ ಒಂದೂ ಆಗಲ್ಲ.

ನಿಮ್ಮ ಮಗನಿಗೆ ಮೊದಲನೆಯದು ಬೋರ್ಡ್ ನೋಡಿ ಬರೆಯುವುದು. ನಮಗೆ 'ಕತ್ತೆ' ಅಂದರೆ ಒಂದೇ ನೋಟಕ್ಕೆ ಸಿಗುವ ಪದ. ಅವನಿಗೆ ಹಾಗಲ್ಲ. ತಲೆ ಎತ್ತಿ 'ಕ' ನೋಡುತ್ತಾನೆ, ತಲೆ ಬಗ್ಗಿಸಿ ಬರೆಯುತ್ತಾನೆ, ಮತ್ತೆ ತಲೆ ಎತ್ತುವ ಹೊತ್ತಿಗೆ ಬೋರ್ಡ್ ಮೇಲೆ ಎಲ್ಲಿದ್ದೆ ಅನ್ನುವುದೇ ತಪ್ಪಿರುತ್ತದೆ. ಸಾಲು ಹುಡುಕಿ, 'ತ್ತೆ' ಹುಡುಕಿ, ಅದರಲ್ಲಿ ಒತ್ತು ಕಾಣದೆ 'ತೆ' ಅಂತ ಬರೆದು ಮುಂದೆ ಹೋಗುತ್ತಾನೆ. ಐದು ಸಾಲಿಗೆ ಎಷ್ಟು ಸಲ ತಲೆ ಎತ್ತಿ ಇಳಿಸಬೇಕು ಲೆಕ್ಕ ಹಾಕಿ. ಅಷ್ಟರಲ್ಲಿ ಬೋರ್ಡ್ ಒರೆಸಿಯಾಗಿರುತ್ತದೆ. ಆದ್ದರಿಂದ ಕೇಳಿ: 'ಮೊದಲ ಮೂರು ಸಾಲು ಅವನು ಬರೆಯಲಿ. ಉಳಿದದ್ದನ್ನು ಪಕ್ಕದವರ ನೋಟ್‌ಬುಕ್ ಫೋಟೊ ತೆಗೆದು ನಾನು ಮನೆಯಲ್ಲಿ ಅಂಟಿಸ್ತೀನಿ. ಆಗುವುದಾದರೆ ಬೋರ್ಡ್ ಬದಲು ಡೆಸ್ಕ್ ಮೇಲೆ ಪಕ್ಕದಲ್ಲಿಟ್ಟ ಹಾಳೆ ನೋಡಿ ಬರೆಯೋಕೆ ಬಿಡಿ.' ದೂರದ್ದನ್ನು ನೋಡಿ ಬರೆಯುವುದಕ್ಕಿಂತ ಹತ್ತಿರದ್ದನ್ನು ನೋಡಿ ಬರೆಯುವುದು ಸುಲಭ. ಅವನಿಗೆ ವಿಷಯ ಗೊತ್ತಿದೆಯಾ ಅಂತ ತಿಳಿಯಬೇಕಾದಾಗ ಬಾಯಲ್ಲೇ ಕೇಳಲಿ. ಎರಡನೇ ಕ್ಲಾಸಿನ ಟೆಸ್ಟ್ ಶಾಲೆಯದ್ದೇ ಟೆಸ್ಟ್, ಬೋರ್ಡ್ ಎಕ್ಸಾಮ್ ಅಲ್ಲವಲ್ಲ.

ಎರಡನೆಯದು, ಎದ್ದು ಓಡಾಡುವುದಕ್ಕೆ ಒಂದು ದಾರಿ. ಎದ್ದೇಳಬೇಡ ಅಂದರೆ ಅವನು ಎದ್ದೇ ಏಳುತ್ತಾನೆ. ಅದಕ್ಕೆ ಕಾರಣ ಕೊಟ್ಟು ಎಬ್ಬಿಸುವುದು ಜಾಣತನ. ನೋಟ್‌ಬುಕ್ ಹಂಚುವುದು, ಬೋರ್ಡ್ ಒರೆಸುವುದು, ಆಫೀಸಿಗೆ ರಿಜಿಸ್ಟರ್ ಕೊಟ್ಟು ಬರುವುದು, ಇಂಥ ಕೆಲಸ ಅವನಿಗಿರಲಿ. ಕೂರಿಸುವ ಜಾಗ ಮುಂದಿನ ಒಂದೆರಡು ಸಾಲಿನಲ್ಲಿರಲಿ, ಕಿಟಕಿ ಬಾಗಿಲಿನ ಪಕ್ಕ ಬೇಡ, ಜೊತೆಗೆ ಶಾಂತವಾಗಿರುವ ಮಗು ಇದ್ದರೆ ಒಳ್ಳೆಯದು. ಮೂಲೆಯಲ್ಲಿ ಒಬ್ಬನನ್ನೇ ಕೂರಿಸಿದರೆ ಅದು ಸಹಾಯ ಅಲ್ಲ, ಶಿಕ್ಷೆ. ಬರೆದು ಮುಗಿಸಿಲ್ಲ ಅಂತ ಪಿಟಿ ಪೀರಿಯಡ್ ಕಿತ್ತುಕೊಳ್ಳುತ್ತಿದ್ದರೆ, ದಯವಿಟ್ಟು ಅದನ್ನು ನಿಲ್ಲಿಸಿ ಅಂತ ಕೇಳಿ. ಇದೊಂದರಲ್ಲಿ ನೀವು ಸ್ವಲ್ಪ ಗಟ್ಟಿಯಾಗಿ ನಿಂತರೂ ಪರವಾಗಿಲ್ಲ. ಬೇರೆ ಮಕ್ಕಳಿಗಿಂತ ಅವನಿಗೇ ಓಡುವ ಅಗತ್ಯ ಜಾಸ್ತಿ, ಅದನ್ನೇ ಕಿತ್ತುಕೊಂಡರೆ ಮುಂದಿನ ಪೀರಿಯಡ್ ಮಿಸ್‌ಗೇ ಕಷ್ಟ.

ಮೂರನೆಯದು, ಎಲ್ಲರ ಮುಂದೆ ಇದ್ದಕ್ಕಿದ್ದಂತೆ ನಿಲ್ಲಿಸಿ ಓದಿಸಬಾರದು. ಓದಿಸಲೇಬೇಕಾದರೆ ನಾಳೆ ಓದುವ ಎರಡು ಸಾಲು ಇಂದೇ ಗುರುತು ಮಾಡಿ ಕಳಿಸಲಿ, ನೀವು ಮನೆಯಲ್ಲಿ ಓದಿಸಿ ಕಳಿಸಿ. 'ನಾನು ದಡ್ಡನಾ' ಅನ್ನುವ ಪ್ರಶ್ನೆ ಸಾಮಾನ್ಯವಾಗಿ ಇಂಥ ಜಾಗದಲ್ಲೇ ಹುಟ್ಟುವುದು.

ಆ ಪ್ರಶ್ನೆಗೆ ನೀವು ಏನು ಉತ್ತರ ಕೊಟ್ಟಿರೋ ಗೊತ್ತಿಲ್ಲ. 'ಛೇ, ನೀನು ಜಾಣ ಕಂದ' ಅಂದರೆ ಅವನು ನಂಬಲ್ಲ, ಯಾಕೆಂದರೆ ಪಕ್ಕದವನ ನೋಟ್‌ಬುಕ್ ಅವನು ದಿನಾ ನೋಡುತ್ತಾನೆ. ಇದ್ದದ್ದನ್ನು ಹೇಳಿ. 'ನಿಂಗೆ ಲೆಕ್ಕ ಬೇಗ ಹೊಳೆಯುತ್ತೆ. ಬರೆಯೋದು, ಓದೋದು ನಿಧಾನ. ಅದಕ್ಕೆ ಬೇರೆ ಥರ ಕಲಿಸ್ಬೇಕು, ಮಿಸ್ ನಾನು ಸೇರಿ ಅದನ್ನ ಹುಡುಕ್ತಾ ಇದೀವಿ.' ಏಳು ವರ್ಷದ ಮಗುವಿಗೆ ಇಷ್ಟು ಅರ್ಥವಾಗುತ್ತದೆ.

ಮಿಸ್ ಒಪ್ಪಿದರೆ ಒಂದು ದಿನದ ಚೀಟಿ ಶುರು ಮಾಡಿ. ಅಂಗೈಯಗಲದ ಕಾಗದ. ಎರಡೇ ಗುರಿ: 'ಮೂರು ಸಾಲು ಬರೆದ', 'ಕೇಳಿ ಎದ್ದ'. ಶಾರ್ಟ್ ಬ್ರೇಕಿಗೆ ಮುಂಚೆ, ಊಟಕ್ಕೆ ಮುಂಚೆ, ಊಟ ಆದಮೇಲೆ, ಹೀಗೆ ಒಂದೊಂದು ಗುರಿಗೂ ಮೂರು ಮನೆ. ಆದರೆ ಟಿಕ್, ಆಗದಿದ್ದರೆ ಖಾಲಿ. ಇಂಟು ಹಾಕುವುದು ಬೇಡ, ಕೆಂಪು ಪೆನ್ನೂ ಬೇಡ. ಮಿಸ್‌ಗೆ ಹಿಡಿಯುವುದು ಒಂದು ನಿಮಿಷ. ಸಂಜೆ ಮನೆಯಲ್ಲಿ ನಾಲ್ಕು ಟಿಕ್ ಇದ್ದರೆ ಅವತ್ತೇ ಅವನಿಗೆ ಏನೋ ಒಂದು ಸಿಗಬೇಕು. ಚಾಕ್ಲೇಟು, ದುಡ್ಡು ಬೇಡ. ಅಪ್ಪನ ಜೊತೆ ಹತ್ತು ನಿಮಿಷ ಕ್ರಿಕೆಟ್, ಅಥವಾ ರಾತ್ರಿ ಊಟಕ್ಕೆ ಏನು ಅಂತ ಆರಿಸುವ ಹಕ್ಕು. ಭಾನುವಾರ ಸೈಕಲ್ ಕೊಡಿಸ್ತೀನಿ ಅಂದರೆ ಈ ಮಕ್ಕಳಿಗೆ ತಟ್ಟಲ್ಲ, ಭಾನುವಾರ ಅವರಿಗೆ ಬಹಳ ದೂರ. ಮೊದಲ ವಾರ ಅವನು ಬಹುತೇಕ ದಿನ ಗೆಲ್ಲುವಷ್ಟು ಸುಲಭವಾಗಿ ಗುರಿ ಇಡಿ. ಖಾಲಿ ಮನೆಗಳ ಬಗ್ಗೆ ವಿಚಾರಣೆ ಬೇಡ. ಗಮನದ ತೊಂದರೆಗೆ ಶಾಲೆಯಲ್ಲಿ ಮಾಡಬಹುದಾದ ಕೆಲಸಗಳಲ್ಲಿ ಚೆನ್ನಾಗಿ ಪರೀಕ್ಷೆಗೆ ಒಳಪಟ್ಟು ಗೆದ್ದದ್ದು ಈ ಚೀಟಿ ಪದ್ಧತಿ. ಸರಳ ಅಂತ ಕಡೆಗಣಿಸಬೇಡಿ.

ಮಾತು ಮುಗಿದ ಮೇಲೆ ಕಾಗದದಲ್ಲಿ ಬರೆದು ಕೊಡಿ. ಜಗಳಕ್ಕಲ್ಲ, ಮರೆಯದಿರಲಿ ಅಂತ. ಹೀಗೆ ಸಾಕು:

'ಮುಖ್ಯೋಪಾಧ್ಯಾಯರಿಗೆ, ತರಗತಿ ಶಿಕ್ಷಕಿಯವರ ಮೂಲಕ. ಮಾನ್ಯರೇ, ನಮ್ಮ ಮಗ (ಹೆಸರು) 2ನೇ ತರಗತಿಯಲ್ಲಿ ಓದುತ್ತಿದ್ದಾನೆ. ಬೋರ್ಡ್ ನೋಡಿ ಬರೆಯುವುದು, ಒತ್ತಕ್ಷರ ಓದುವುದು, ಹೆಚ್ಚು ಹೊತ್ತು ಒಂದೆಡೆ ಕೂರುವುದು ಅವನಿಗೆ ಕಷ್ಟವಾಗುತ್ತಿದೆ. (ದಿನಾಂಕ) ರಂದು ತರಗತಿ ಶಿಕ್ಷಕಿಯವರೊಂದಿಗೆ ಮಾತನಾಡಿ ಈ ಮೂರು ವಿಷಯಗಳನ್ನು ಆರು ವಾರ ಪ್ರಯತ್ನಿಸುವುದೆಂದು ಮಾತಾಗಿದೆ: (ಮೂರೂ ಬರೆಯಿರಿ). ವೈದ್ಯರ ಪರೀಕ್ಷೆಯನ್ನು ನಾವು ಶುರು ಮಾಡಿದ್ದೇವೆ. ಕಲಿಕೆಯಲ್ಲಿ ತಾವು ಗಮನಿಸಿದ್ದನ್ನು ಬರೆದು ಕೊಟ್ಟರೆ ವೈದ್ಯರಿಗೆ ತೋರಿಸಲು ಅನುಕೂಲ. (ದಿನಾಂಕ) ರಂದು ಮತ್ತೆ ಭೇಟಿಯಾಗಲು ಅವಕಾಶ ಕೊಡಬೇಕಾಗಿ ವಿನಂತಿ. ವಂದನೆಗಳೊಂದಿಗೆ.'

ಎರಡು ಪ್ರತಿ ಮಾಡಿ. ಒಂದನ್ನು ಆಫೀಸಿನಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಸಹಿ ಹಾಕಿಸಿಕೊಂಡು ಫೈಲಿನಲ್ಲಿಡಿ. ಆರು ವಾರ ಅಂತ ಬರೆದದ್ದಕ್ಕೆ ಕಾರಣ ಇದೆ. 'ಯಾವಾಗಲೂ ಹೀಗೆ ಮಾಡಿ' ಅಂದರೆ ಶಾಲೆಯವರು ಹೆದರುತ್ತಾರೆ. 'ಆರು ವಾರ ನೋಡೋಣ' ಅಂದರೆ ಒಪ್ಪುತ್ತಾರೆ.

ಟಿಸಿ ಬೆದರಿಕೆಯ ವಿಷಯಕ್ಕೆ ಬರುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ ಪ್ರಕಾರ, ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಅದೇ ತರಗತಿಯಲ್ಲಿ ಉಳಿಸಿಕೊಳ್ಳಲು ಅವಕಾಶ ಸಿಕ್ಕಿದ್ದು ಐದು ಮತ್ತು ಎಂಟನೇ ತರಗತಿಗೆ ಮಾತ್ರ. ಎರಡನೇ ಕ್ಲಾಸಿಗಲ್ಲ. ಹೊಡೆಯುವುದು, ಅವಮಾನ ಮಾಡುವುದಕ್ಕೂ ಅದೇ ಕಾಯ್ದೆಯಲ್ಲಿ ನಿಷೇಧ ಇದೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಮಾತ್ರ ಈ ಕಾಯ್ದೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ನಿಮ್ಮದು ಅಂಥ ಶಾಲೆಯಾ ನೋಡಿಕೊಳ್ಳಿ. ಇನ್ನೊಂದು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳಲ್ಲಿ ಮಕ್ಕಳ ಕಲಿಕಾ ನ್ಯೂನತೆಯನ್ನು, ಅಂದರೆ ಡಿಸ್ಲೆಕ್ಸಿಯಾದಂಥ ತೊಂದರೆಯನ್ನು, ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಹಾಗೆ ಕಲಿಸಬೇಕು ಅನ್ನುತ್ತದೆ ಅದು. ಅಂದರೆ ಗುರುತಿಸುವ ಕೆಲಸ ಬರೀ ಅಪ್ಪ ಅಮ್ಮನದಲ್ಲ, ಶಾಲೆಯದ್ದೂ ಹೌದು.

ಇದನ್ನೆಲ್ಲ ಗೊತ್ತಿಟ್ಟುಕೊಳ್ಳಿ, ಮೊದಲ ಭೇಟಿಯಲ್ಲೇ ಮೇಜಿನ ಮೇಲೆ ಇಡಬೇಡಿ. ಕಾಯ್ದೆ ಹೆಸರು ಕೇಳಿದ ಕೂಡಲೇ ಎಷ್ಟೋ ಶಾಲೆಗಳು ಮಗುವನ್ನು ಬಿಟ್ಟು ತಮ್ಮನ್ನು ಕಾಪಾಡಿಕೊಳ್ಳೋಕೆ ಶುರು ಮಾಡುತ್ತವೆ. ಟಿಸಿ ಮಾತು ಮತ್ತೆ ಬಂದರೆ, 'ದಯವಿಟ್ಟು ಕಾರಣ ಬರೆದು ಕೊಡಿ ಮೇಡಂ' ಅಂತ ಸಮಾಧಾನವಾಗಿ ಕೇಳಿ. ಬಹಳ ಸಲ ಮಾತು ಅಲ್ಲೇ ನಿಲ್ಲುತ್ತದೆ. ನಿಲ್ಲದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿ ಇದೆ. ಅಲ್ಲಿಂದಾಚೆ ಉಪನಿರ್ದೇಶಕರು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇವೆ. ಸೀಲು ಹಾಕಿಸಿದ ಆ ಪ್ರತಿ ಕೆಲಸಕ್ಕೆ ಬರುವುದು ಅಲ್ಲಿ.

ಇನ್ನು ಸ್ಪೆಷಲ್ ಸ್ಕೂಲ್. ಅವು ಮುಖ್ಯವಾಗಿ ಬುದ್ಧಿ ಬೆಳವಣಿಗೆಯ ತೊಂದರೆ ಇರುವ, ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗಾಗಿ ಇರುವ ಶಾಲೆಗಳು. ಬಾಯಿಲೆಕ್ಕ ಸರಿಯಾಗಿ ಹೇಳಿ, ಕಥೆ ಕಟ್ಟಿ ಹೇಳುವ ಹುಡುಗನ ಜಾಗ ಸಾಮಾನ್ಯ ಶಾಲೆಯೇ.

ಸರ್ಕಾರಿ ಶಾಲೆ ಅನ್ನುವ ನಾದಿನಿಯ ಮಾತನ್ನು ನಾನು ತಳ್ಳಿಹಾಕಲ್ಲ. ಒಂದರಿಂದ ಮೂರನೇ ತರಗತಿವರೆಗೆ ಅಲ್ಲಿ ನಲಿ-ಕಲಿ ಇದೆ. 1995ರ ಹೊತ್ತಿಗೆ ಹೆಗ್ಗಡದೇವನಕೋಟೆ ಕಡೆ ಶುರುವಾಗಿ ರಾಜ್ಯಕ್ಕೆಲ್ಲ ಹರಡಿದ್ದು. ಮಕ್ಕಳು ಗುಂಪಾಗಿ ಕೂತು, ಕಲಿಕಾ ಏಣಿಯಲ್ಲಿ ಒಂದೊಂದೇ ಕಾರ್ಡ್ ಮುಗಿಸುತ್ತಾ ತಮ್ಮ ವೇಗದಲ್ಲಿ ಹೋಗುತ್ತಾರೆ. ಕಾರ್ಡ್ ತರೋಕೆ ಏಳುತ್ತಾರೆ, ಇಡೋಕೆ ಏಳುತ್ತಾರೆ. ಬೋರ್ಡ್ ನೋಡಿ ಬರೆಯುವ ಹೊರೆ ಕಡಿಮೆ. ಓದಲು ಕಲಿಯುವುದೂ ಮನೆಮಾತಿನಲ್ಲೇ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಅಡಿಯಲ್ಲಿ ಬ್ಲಾಕ್ ಮಟ್ಟದಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡದ ಪಟ್ಟಿಯಲ್ಲಿ ಕಲಿಕಾ ತೊಂದರೆ, ಎಡಿಎಚ್‌ಡಿ ಎರಡೂ ಇವೆ. ಕೆಲವು ಮಕ್ಕಳಿಗೆ ಇದು ನಿಜಕ್ಕೂ ಹೊಂದುತ್ತದೆ. ಆದರೆ ಎಲ್ಲ ಶಾಲೆಯೂ ಒಂದೇ ಅಲ್ಲ, ಶಿಕ್ಷಕರ ಮೇಲೆ ಹೋಗುತ್ತದೆ. ಹತ್ತಿರದ ಶಾಲೆಗೆ ಹೋಗಿ ಅನುಮತಿ ಕೇಳಿ ಒಂದು ಗಂಟೆ ಕೂತು ನೋಡಿ ಬನ್ನಿ. ಸಿಟ್ಟಿನಲ್ಲಿ ನಡುವರ್ಷ ಮಾತ್ರ ಬದಲಾಯಿಸಬೇಡಿ.

ಈಗ ಸರ್ಟಿಫಿಕೇಟ್. ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಮಾಡುವ ಪರೀಕ್ಷೆಗೆ ಕಡಿಮೆ ವಯಸ್ಸು 8 ವರ್ಷ ಅಂತ ಕೇಂದ್ರದ ಮಾರ್ಗಸೂಚಿಯಲ್ಲಿದೆ. ಅದಕ್ಕೂ ಮುಂಚೆ ನಿಧಾನಕ್ಕೆ ಕಲಿಯುತ್ತಿರುವ ಮಗುವನ್ನೂ ನ್ಯೂನತೆ ಇರುವ ಮಗುವನ್ನೂ ಬೇರೆ ಮಾಡಿ ಹೇಳುವುದು ಕಷ್ಟ. ಅಂದರೆ ಈ ತಿಂಗಳು ನೀವು ಎಷ್ಟೇ ಓಡಾಡಿದರೂ ಅದು ಸಿಗಲ್ಲ. ಅದರ ನಿಜವಾದ ಕೆಲಸ ಇರುವುದೂ ಮುಂದೆ, ಎಸ್‌ಎಸ್‌ಎಲ್‌ಸಿ ಹೊತ್ತಿಗೆ: ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು, ಭಾಷೆಯ ವಿನಾಯಿತಿ, ಇಂಥವಕ್ಕೆ. ಇನ್ನೊಂದು ಸೂಕ್ಷ್ಮ. 2016ರ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಅಂತ ಪ್ರತ್ಯೇಕವಾಗಿ ಇಲ್ಲ. ಬರೀ ಗಮನದ ತೊಂದರೆ ಇರುವ ಮಗುವಿಗೆ ಶಾಲೆಯವರ ಜೊತೆ ಮಾಡಿಕೊಂಡ ಒಪ್ಪಂದವೇ ಮುಖ್ಯ ಆಧಾರ.

ಹಾಗಂತ ಪರೀಕ್ಷೆ ಮುಂದೂಡಬೇಡಿ. ಗಮನದ ತೊಂದರೆಯನ್ನು ಈಗಲೇ ನೋಡಿಸಬಹುದು. ಮನೆಯಲ್ಲೂ ಶಾಲೆಯಲ್ಲೂ, ಕಡಿಮೆ ಅಂದರೆ ಆರು ತಿಂಗಳಿಂದ ಇದೆಯಾ ಅಂತ ಕೇಳುತ್ತಾರೆ. ನಿಮಗೊಂದು, ಮಿಸ್‌ಗೊಂದು ಪ್ರಶ್ನೆಪಟ್ಟಿ ಕೊಡುತ್ತಾರೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವನಾ ಅಂತಲೂ ಹೇಳಿ, ವಯಸ್ಸಿಗೆ ಸಹಜವಾದ ಚಂಚಲತೆಯೇ ಅಂಥ ಮಕ್ಕಳಲ್ಲಿ ರೋಗದ ಹಾಗೆ ಕಾಣುವುದುಂಟು. ನಿಮಗೆ ಹತ್ತಿರದ್ದು ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು, ಓದು ಎಲ್ಲ ಒಂದೇ ಕಡೆ ನೋಡುತ್ತಾರೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೂ ಸರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಖಾಸಗಿಯಾಗಿ ಮಾಡಿಸಿದರೆ ಆ ಸೈಕಾಲಜಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯಾ ಕೇಳಿ. ಹೋಗುವಾಗ ಈ ವರ್ಷದ, ಹೋದ ವರ್ಷದ ನೋಟ್‌ಬುಕ್, ಮಿಸ್ ಬರೆದುಕೊಟ್ಟದ್ದು, ಹುಟ್ಟಿದಾಗಿನ ಆಸ್ಪತ್ರೆ ಕಾಗದ ಒಯ್ಯಿರಿ. ರಿಪೋರ್ಟ್ ಬಂದಮೇಲೆ ಪೂರ್ತಿ ಶಾಲೆಗೆ ಕೊಡಬೇಕಿಲ್ಲ, ಐಕ್ಯೂ ಸಂಖ್ಯೆ ಸ್ಟಾಫ್ ರೂಮಿನಲ್ಲಿ ಓಡಾಡುವುದು ಬೇಡ. ಶಾಲೆ ಏನು ಮಾಡಬೇಕು ಅನ್ನುವ ಪುಟ ಸಾಕು.

ಮಾತ್ರೆಯ ತೀರ್ಮಾನ ಮನೋವೈದ್ಯರದ್ದು, ನನ್ನದಲ್ಲ, ಹೆಡ್ ಮೇಡಂದೂ ಅಲ್ಲ. ಸಾಮಾನ್ಯವಾಗಿ ಕೊಡುವುದು ಮೀಥೈಲ್‌ಫೆನಿಡೇಟ್. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಅಪ್ಪ ಅಮ್ಮನಿಗೆ ತರಬೇತಿ, ಆಮೇಲೆ ಮಾತ್ರೆಯ ಯೋಚನೆ. ನಿಮ್ಮ ಮಗನ ವಯಸ್ಸಿಗೆ ಕೊಡಬಹುದು, ಕೊಡಲೇಬೇಕು ಅಂತಿಲ್ಲ. ಕೊಟ್ಟರೆ ಒಂದು ಗಂಟೆಯೊಳಗೆ ಕೆಲಸ ಶುರು, ಸಾದಾ ಮಾತ್ರೆಯಾದರೆ ನಾಲ್ಕು ಗಂಟೆ ಹೊತ್ತಿಗೆ ಇಳಿಯುತ್ತದೆ. ಹಸಿವು, ನಿದ್ದೆ ಕಡಿಮೆಯಾಗಬಹುದು, ಅದಕ್ಕೇ ತೂಕ, ಎತ್ತರ ನೋಡುತ್ತಿರುತ್ತಾರೆ. ಅದು ಕೂರಿಸುತ್ತದೆ, ಒತ್ತಕ್ಷರ ಕಲಿಸಲ್ಲ. ಬುದ್ಧಿ ಚುರುಕು ಮಾಡ್ತೀವಿ ಅನ್ನುವ ಮಿಡ್‌ಬ್ರೇನ್ ಆಕ್ಟಿವೇಶನ್ ಕೋರ್ಸ್, ನೆನಪಿನ ಶಕ್ತಿ ಪುಡಿ, ಇಂಥವಕ್ಕೆ ಒಂದು ರೂಪಾಯಿಯೂ ಸುರಿಯಬೇಡಿ.

ಟ್ಯೂಷನ್ ಜಾಸ್ತಿ ಮಾಡುವುದಲ್ಲ, ಬಿಡಿಸಿ. ಇಡೀ ದಿನ ಶಾಲೆಯಲ್ಲಿ ಕಷ್ಟಪಟ್ಟು ಕೂತ ಮಗುವನ್ನು ಮತ್ತೆ ಕೂರಿಸಿದರೆ ಕಲಿಯಲ್ಲ, ಓದನ್ನೇ ದ್ವೇಷಿಸುತ್ತಾನೆ. ಬಂದಕೂಡಲೇ ತಿಂಡಿ, ಆಮೇಲೆ ಬೀದಿಯಲ್ಲಿ ಆಟ, ಆಮೇಲೆ ಹೋಮ್‌ವರ್ಕ್ 20 ನಿಮಿಷ, ಗಡಿಯಾರ ಇಟ್ಟು. ಮುಗಿಯದಿದ್ದರೆ ನಿಲ್ಲಿಸಿ 'ಇಷ್ಟು ಹೊತ್ತು ಕೂತ' ಅಂತ ನೀವೇ ಸಹಿ ಹಾಕಿ ಕಳಿಸಿ, ಮಿಸ್‌ಗೆ ಮೊದಲೇ ಹೇಳಿರಿ. ಬೇರೆಯಾಗಿ ದಿನಾ ಹದಿನೈದು ನಿಮಿಷ ಒತ್ತಕ್ಷರ. ಒಂದು ವಾರ ಬರೀ 'ಕ್ಕ': ಅಕ್ಕ, ಬೆಕ್ಕು, ಚಿಕ್ಕ, ಸಕ್ಕರೆ. ಬಾಯಲ್ಲಿ ಒತ್ತಿ ಹೇಳಿಸಿ, ರಾಗಿ ಹಿಟ್ಟಿನ ತಟ್ಟೆಯಲ್ಲಿ ಬೆರಳಿಂದ ಬರೆಸಿ, ಆಮೇಲೆ ಪೆನ್ಸಿಲ್. ಕೈಗೆ ಹತ್ತಿದ ಮೇಲೆ 'ತ್ತ'. ಊರಲ್ಲಿ ಸ್ಪೆಷಲ್ ಎಜುಕೇಟರ್, ಅಂದರೆ ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದವರು ಸಿಕ್ಕರೆ ಟ್ಯೂಷನ್ ದುಡ್ಡು ಅವರಿಗೆ ಕೊಡಿ, ವಾರಕ್ಕೆ ಎರಡು ದಿನ ಸಾಕು.

ಚೀಟಿಗಳನ್ನು ಎಸೆಯಬೇಡಿ, ಡಾಕ್ಟರಿಗೆ ತೋರಿಸೋಕೆ ಬೇಕು. ಜೂನ್‌ನಲ್ಲಿ ಮೂರನೇ ಕ್ಲಾಸಿಗೆ ಹೊಸ ಮಿಸ್ ಬರುತ್ತಾರೆ, ಅವರಿಗೆ ಇದ್ಯಾವುದೂ ಗೊತ್ತಿರಲ್ಲ. ಕಂಪ್ಲೇಂಟ್ ಬರುವವರೆಗೆ ಕಾಯದೆ ಮೊದಲ ವಾರದಲ್ಲೇ ಹೋಗಿ, ಏನು ಕೆಲಸ ಮಾಡಿತು, ಏನು ಮಾಡಲಿಲ್ಲ ಅಂತ ಒಂದು ಪುಟ ಬರೆದು ಕೊಡಿ. ಈಗಿನ ಮಿಸ್ ಒಂದೆರಡು ಸಾಲು ಸೇರಿಸಿಕೊಟ್ಟರೆ ಇನ್ನೂ ಒಳ್ಳೆಯದು, ಮಾರ್ಚ್‌ನಲ್ಲೇ ಕೇಳಿಟ್ಟಿರಿ.